ಪರ್ಸೆಂಟ್ ಗದಿಗೆವ್ವ

ಮೋಟೆಬೆನ್ನೂರಿನ ಆಚೆಗಿನ ಆ ಹಳ್ಳಿಯಲ್ಲಿ ಪರ್ಸೆಂಟ್ ಎಂಬ ಮಾತು ಎರಡು ಸಂದರ್ಭಗಳಲ್ಲಿ ಬಳಕೆಯಾಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಒಮ್ಮೆ, ಅಂಗವಿಕಲರ ಸರ್ಟಿಫಿಕೇಟು ಬಂದಾಗ ಇನ್ನೊಮ್ಮೆ. ಮೊದಲನೆಯದಕ್ಕೆ ಮಕ್ಕಳು ಓದಬೇಕು. ಎರಡನೆಯದಕ್ಕೆ ಗದಿಗೆವ್ವ ಇದ್ದಳು.

ಗದಿಗೆವ್ವ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತೆ. ಅಂಗವಿಕಲರನ್ನು ಹುಡುಕಿ ಪಟ್ಟಿ ಮಾಡುವುದು, ಅರ್ಜಿ ತುಂಬುವುದು, ಬಸ್ ಪಾಸು, ಗಾಲಿ ಕುರ್ಚಿ, ಪಿಂಚಣಿ ಕೊಡಿಸುವುದು ಅವಳ ಕೆಲಸ. ಈ ಕೆಲಸಕ್ಕೆ ಅಂಗವಿಕಲರನ್ನೇ ನೇಮಿಸಬೇಕೆಂಬ ನಿಯಮವಿದೆ. ಅವಳ ಎಡಗಾಲು ಮೂರನೇ ವಯಸ್ಸಿನಲ್ಲೇ ಪೋಲಿಯೋಕ್ಕೆ ಹೋಗಿತ್ತು. ಕೋಲೂರಿಕೊಂಡೇ ಪಿಯುಸಿ ಮುಗಿಸಿದಳು. ಕೆಲಸಕ್ಕೆ ಸೇರಿ ಈಗ ಹದಿನಾರು ವರ್ಷ. ಗೌರವಧನ ಎಂದು ಸರಕಾರ ಕೊಡುವುದರಲ್ಲಿ ಧನವೂ ಅಷ್ಟಕ್ಕಷ್ಟೆ, ಗೌರವವೂ ಅಷ್ಟಕ್ಕಷ್ಟೆ. ಆದರೆ ಮೂರು ಗಾಲಿಯ ಸ್ಕೂಟರಿನ ಮೇಲೆ ಅವಳು ಓಣಿಗೆ ಬಂದಳೆಂದರೆ ಕಟ್ಟೆಯ ಮೇಲೆ ಕೂತ ಗಂಡಸರೂ ಕಾಲು ಮಡಚಿಕೊಳ್ಳುತ್ತಿದ್ದರು. ಅವಳ ಬಾಯಿ ಹಾಗಿತ್ತು. ಅಂಗವಿಕಲರ ಸೀಟಿನಲ್ಲಿ ಕೂತ ಒಬ್ಬ ಮಹಾನುಭಾವನನ್ನು ಎಬ್ಬಿಸಲು ಕಾಗಿನೆಲೆಯ ಬಸ್ಸನ್ನು ಕಾಲು ಗಂಟೆ ನಿಲ್ಲಿಸಿದ ಹೆಂಗಸು ಅವಳು.

ಪರ್ಸೆಂಟ್ ಎಂಬ ಹೆಸರು ಅವಳಿಗೆ ಬರಲು ಕಾರಣ ದುರಗಪ್ಪ. ಟ್ರ್ಯಾಕ್ಟರ್ ಮಗುಚಿ ಅವನ ಬಲಗೈ ಸೊರಗಿ ಹೋಗಿತ್ತು. ಗದಿಗೆವ್ವ ಅವನನ್ನು ಹಾವೇರಿಗೆ ಕರೆದುಕೊಂಡು ಹೋಗಿ ವೈದ್ಯಕೀಯ ಮಂಡಳಿಯ ಮುಂದೆ ಕೂರಿಸಿದಳು. ನಮ್ಮ ಕಡೆಯ ಮನುಷ್ಯರ ಸ್ವಭಾವ ಗೊತ್ತಲ್ಲ. ಜೀವ ಹೋಗುತ್ತಿದ್ದರೂ ಹೊರಗಿನವರು ಹೆಂಗದೀರಿ ಎಂದು ಕೇಳಿದರೆ ಆರಾಮ ಅದೇನ್ರಿ ಅನ್ನುತ್ತಾರೆ. ಡಾಕ್ಟರು ಕೈ ಹೇಗಿದೆ ಎಂದು ಕೇಳಿದ್ದೇ ತಡ, ದುರಗಪ್ಪನಿಗೆ ಮಾನದ ಪ್ರಶ್ನೆಯಾಯಿತು. "ಏನಾಗಿಲ್ರಿ ಸಾಹೇಬ್ರ, ಈ ಕುರ್ಚಿ ಎತ್ತಿ ತೋರಿಸ್ಲೇನು?" ಅಂದವನೇ ಹಲ್ಲು ಕಚ್ಚಿ ಅದೇ ಕೈಯಿಂದ ಕುರ್ಚಿ ಎತ್ತಿಬಿಟ್ಟ. ಮೂವತ್ತೆಂಟು ಪರ್ಸೆಂಟ್ ಬಂತು. ನಲವತ್ತಾಗದಿದ್ದರೆ ಪಿಂಚಣಿಯಿಲ್ಲ, ಪಾಸಿಲ್ಲ, ಏನೂ ಇಲ್ಲ. ಊರಿಗೆ ಬಂದು ಮೂರು ದಿನ ಆ ಕೈ ಕೊರಳಿಗೆ ಕಟ್ಟಿಕೊಂಡೇ ಇದ್ದ.

ಅಂದಿನಿಂದ ಗದಿಗೆವ್ವ ಹಾವೇರಿಗೆ ಹೋಗುವ ಟಂಟಂ ಆಟೋದಲ್ಲಿ ಪಾಠ ಶುರು ಮಾಡಿದಳು. ಮೊದಮೊದಲು ಪಾಠ ಸಾದಾ ಇತ್ತು: ಆರಾಮ ಅದೇನಿ ಅನ್ನಬ್ಯಾಡ್ರಿ, ನೋವು ಇದ್ರ ನೋವು ಅನ್ರಿ. ಬರಬರುತ್ತ ಪಾಠಕ್ಕೆ ಕೈಕಾಲು ಬೆಳೆದವು. ಎಪ್ಪತ್ತೈದು ದಾಟಿದರೆ ಪಿಂಚಣಿ ಹೆಚ್ಚು. ಹಾಗಾಗಿ, ಕೈ ಎತ್ತು ಅಂದ್ರ ಪೂರಾ ಎತ್ತಬ್ಯಾಡ್ರಿ; ನಡಿ ಅಂದ್ರ ಎರಡ ಹೆಜ್ಜಿ ಇಟ್ಟು ನಿಂದರ್ರಿ. ಬಡವರಿಗೆ ನಾಲ್ಕು ಕಾಸು ಹೆಚ್ಚು ಬಂದರೆ ಯಾರ ಗಂಟು ಹೋಗುತ್ತದೆ ಎಂದು ಅವಳ ಲೆಕ್ಕ. ತಪ್ಪು ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಪುಣ್ಯ ಅಂತಲೇ ಅನ್ನಿಸಿತ್ತು.

ಹಾಗೆ ಪಾಠ ಕೇಳಿದವರಲ್ಲಿ ಬೀರವ್ವನ ಮಗಳು ಮೀನಾಕ್ಷಿಯೂ ಒಬ್ಬಳು. ಬೀರವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ, ಗಂಡ ಚಂದ್ರಪ್ಪ ಅದೇ ಮಾರ್ಕೆಟ್ಟಿನಲ್ಲಿ ಹಮಾಲ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿದ್ದ ಮೀನಾಕ್ಷಿಗೆ ಕಾಲು ಸೆಟೆದುಕೊಂಡಿರುತ್ತಿದ್ದವು, ಒಂದು ಕೈ ಮಾತ್ರ ಹೇಳಿದ ಹಾಗೆ ಕೇಳುತ್ತಿತ್ತು. ಮಾತು ಬರುತ್ತಿತ್ತು, ಆದರೆ ಒಂದೊಂದು ಶಬ್ದವನ್ನೂ ಬಾವಿಯಿಂದ ಸೇದಿದ ಹಾಗೆ ಸೇದಬೇಕಿತ್ತು. ಹಾವೇರಿಗೆ ಕರೆದೊಯ್ದಾಗ ಅವಳಿಗೆ ಆರು ವರ್ಷ. ಗದಿಗೆವ್ವ ಅವಳ ಗಲ್ಲ ಹಿಡಿದು, "ಅವ್ವಿ, ಸರಕಾರದವ್ರು ಏನ ಕೇಳಿದ್ರೂ ಬಾಯಿ ತಗೀಬ್ಯಾಡ. ತಗದ್ರ ನಿಮ್ಮವ್ವಗ ರೊಕ್ಕ ಬರೂದಿಲ್ಲ, ತಿಳೀತಿಲ್ಲೋ?" ಎಂದಿದ್ದಳು. ಹುಡುಗಿ ತಿಳೀತು ಎಂದು ತಲೆಯಾಡಿಸಿದ್ದಳು.

ತಿಳಿದದ್ದು ಹೆಚ್ಚೇ ಆಯಿತು. ಡಾಕ್ಟರು ಹೆಸರು ಕೇಳಿದರು, ಚಿತ್ರ ತೋರಿಸಿದರು, ಗೊಂಬೆ ಕೊಟ್ಟರು. ಮೀನಾಕ್ಷಿ ಕಲ್ಲಿನಂತೆ ಕೂತಳು. ಅವರು ಕಂಡದ್ದನ್ನು ಬರೆದರು. ಕೈಕಾಲಿನ ತೊಂದರೆಯ ಜೊತೆಗೆ ತೀವ್ರ ಬುದ್ಧಿಮಾಂದ್ಯ ಎಂಬುದೂ ಸೇರಿ ತೊಂಬತ್ತು ಪರ್ಸೆಂಟ್ ಬಂತು. ಬೀರವ್ವ ಗದಿಗೆವ್ವನ ಮನೆಗೆ ಸೇರು ಕಡಲೆ, ಒಂದು ಕುಪ್ಪಸದ ಕಣ ತಂದುಕೊಟ್ಟಳು. ಊರೆಲ್ಲ ತೊಂಬತ್ತು ಬಂತಂತೆ ಎಂದು ಮಾತಾಡಿಕೊಂಡಿತು.

ಆ ಕಾಗದ ಹಿಡಿದು ಶಾಲೆಗೆ ಹೋದರೆ ಮುಖ್ಯೋಪಾಧ್ಯಾಯ ಪ್ರಭುಲಿಂಗಪ್ಪ ಮಾಸ್ತರು ಹುಡುಗಿಯ ಹೆಸರನ್ನು ದಾಖಲಾತಿಗೆ ಬರೆದುಕೊಂಡರು, ಪಕ್ಕದಲ್ಲಿ ಗೃಹಾಧಾರಿತ ಶಿಕ್ಷಣ ಎಂದು ಸೇರಿಸಿದರು. ಅಂದರೆ ಹೆಸರು ಶಾಲೆಯಲ್ಲಿ, ಹುಡುಗಿ ಮನೆಯಲ್ಲಿ. ವಾರಕ್ಕೊಮ್ಮೆ ಬ್ಯಾಡಗಿಯಿಂದ ಪುಷ್ಪಲತಾ ಟೀಚರು ಬಂದು ಚಾಪೆಯ ಮೇಲೆ ಕೂತು ಅಕ್ಷರದ ಹಾಳೆ ತೋರಿಸುತ್ತಿದ್ದರು. ಇದು ಅ, ಇದು ಆ. ಉತ್ತರ ಬರುತ್ತಿರಲಿಲ್ಲ. ಟೀಚರು ಆದರೂ ತೋರಿಸುತ್ತಿದ್ದರು. ಕಾಗುಣಿತ ತೋರಿಸಿದರು, ಒತ್ತಕ್ಷರ ತೋರಿಸಿದರು, ಮಗ್ಗಿ ಓದಿ ಹೇಳಿದರು. ಹೋಗುವಾಗ ವಹಿಯಲ್ಲಿ ಪ್ರತಿಕ್ರಿಯೆ ಇಲ್ಲ ಎಂದು ಬರೆದು ಸಹಿ ಮಾಡುತ್ತಿದ್ದರು. ಹೀಗೆ ಮೂರು ವರ್ಷ ನಡೆಯಿತು.

ಹೋದ ವರ್ಷ ಮೇ ತಿಂಗಳಲ್ಲಿ ಪಿಂಚಣಿಯ ಖಾತೆಗೆ ಆಧಾರ್ ಜೋಡಿಸುವ ಕೆಲಸಕ್ಕೆಂದು ಗದಿಗೆವ್ವ ಬೀರವ್ವನ ಮನೆಗೆ ಹೋದಳು. ಸ್ಕೂಟರನ್ನು ಓಣಿಯ ತುದಿಯಲ್ಲೇ ಬಿಟ್ಟಿದ್ದರಿಂದ ಅವಳು ಬಂದ ಸದ್ದಾಗಲಿಲ್ಲ. ಬೀರವ್ವ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಒಳಗಿನಿಂದ ಯಾರೋ ನಿಧಾನವಾಗಿ ಓದುವುದು ಕೇಳಿಸಿತು. "ಡಬ್ಬಿ... ಕನಿಷ್ಠ... ಗರಿಷ್ಠ... ಕಡ್ಡಿ... ಕನಿಷ್ಠ..." ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಡಬ್ಬಿ, ಕಡ್ಡಿ ತಳಿಯ ಮೆಣಸಿನಕಾಯಿಗಳ ದರ. ಗದಿಗೆವ್ವ ಬಾಗಿಲಲ್ಲಿ ಇಣುಕಿದರೆ, ಮೀನಾಕ್ಷಿ ಗೋಡೆಗೆ ಒರಗಿ ಕೂತು, ಭಜಿ ಕಟ್ಟಿ ತಂದ ಹಳೆಯ ಪೇಪರನ್ನು ತೊಡೆಯ ಮೇಲೆ ಹರಡಿಕೊಂಡು ಓದುತ್ತಿದ್ದಾಳೆ. ನೆರಳು ಕಂಡದ್ದೇ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಯಾಕ ಸುಮ್ನಾದಿ ಮೀನಾ? ಓದು."

ಹುಡುಗಿ ಹಿತ್ತಿಲ ಕಡೆ ನೋಡಿದಳು. ಆಮೇಲೆ ಬೆರಳುಗಳ ಸಂದಿಯಿಂದಲೇ ಹೇಳಿದಳು. "ನೀವ... ಹೇಳೀರಲ್ಲ ಅತ್ತಿ... ಸರಕಾರದವ್ರ ಮುಂದ... ಬಾಯಿ ತಗೀಬ್ಯಾಡಂತ."

ಗದಿಗೆವ್ವನಿಗೆ ಕೂರಲು ಹೊಸ್ತಿಲೇ ಸಿಕ್ಕಿತು. ಮೂರು ವರ್ಷ! ತಾನು ಒಂದು ತಾಸಿಗೆ ಹೇಳಿದ ಮಾತನ್ನು ಈ ಕೂಸು ಮೂರು ವರ್ಷ ಪಾಲಿಸಿದೆ. ಟೀಚರು ಸರಕಾರದವರು, ಆಶಾ ಕಾರ್ಯಕರ್ತೆ ಸರಕಾರದವಳು, ಕೊನೆಗೆ ಗದಿಗೆವ್ವನೂ ಸರಕಾರದವಳೇ. ಬೀರವ್ವ ಕೈ ಒರೆಸಿಕೊಳ್ಳುತ್ತ ಬಂದವಳು ಇಬ್ಬರ ಮುಖ ನೋಡಿ ತಿಳಿದುಕೊಂಡಳು. "ಯಕ್ಕಾ, ಯಾರ ಮುಂದೂ ಅನ್ನಬ್ಯಾಡ. ಪಿಂಚಣಿ ಕಡೀತಾರ. ಆಕಿ ಚಪ್ಪಲ್ಲು, ಆಕಿ ಔಷಧ, ಎಲ್ಲಾ ಅದ್ರಾಗ ಬರ್ತಾವ."

ಬೈಯುವ ಹಕ್ಕು ಗದಿಗೆವ್ವನಿಗೆ ಉಳಿದಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ಊರಿಗೆಲ್ಲ ಹೇಳಿದವಳು ಅವಳೇ. ಅಂದೇ ಅವಳು ಒಂದು ಮಾತು ನಿರ್ಧರಿಸಿದಳು: ಜೂನ್‌ನಲ್ಲಿ ಶಾಲೆ ಶುರುವಾದಾಗ ಈ ಹುಡುಗಿ ವರ್ಗದಲ್ಲಿ ಕೂರಬೇಕು.

ಪ್ರಭುಲಿಂಗಪ್ಪ ಮಾಸ್ತರು ಕೆಟ್ಟವರಲ್ಲ. ಬಿಸಿಯೂಟದ ಸಾಂಬಾರನ್ನು ತಾವೇ ಮೊದಲು ಉಂಡು ನೋಡುವವರು. ಆದರೆ ಕಾಗದ ಬಿಟ್ಟು ಒಂದು ಗೇಣು ಕದಲುವವರಲ್ಲ. "ಗದಿಗೆವ್ವಾರ, ತೊಂಬತ್ತು ಪರ್ಸೆಂಟ್ ಇದ್ದ ಹುಡುಗೀನ ವರ್ಗದಾಗ ಕೂಡ್ರಿಸಿ, ನಾಳೆ ಬಿದ್ದು ಹೆಚ್ಚುಕಡಿಮಿ ಆದ್ರ ಯಾರು ಜವಾಬ್ದಾರ್ರು? ಬುದ್ಧಿಮಾಂದ್ಯ ಅಂತ ಬರದಾರ. ಅಂಥವ್ರಿಗೆ ಬ್ಯಾರೆ ಸಾಲಿ ಇರ್ತಾವ್ರಿ."

ಆ ವಾರವೇ ರಾಣೆಬೆನ್ನೂರಿನಲ್ಲಿ ಕಾರ್ಯಕರ್ತರಿಗೆ ಒಂದು ದಿನದ ತರಬೇತಿ ಇತ್ತು. ತಾಲ್ಲೂಕು ಮಟ್ಟದ ಕಾರ್ಯಕರ್ತ ಶಂಭುಲಿಂಗ ಎಲ್ಲರಿಗೂ ಒಂದೊಂದು ಪುಸ್ತಿಕೆ ಹಂಚಿದ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮತ್ತು ಅದಕ್ಕೆ ರಾಜ್ಯ ಸರಕಾರ ಮಾಡಿದ ನಿಯಮಗಳು, ಕನ್ನಡದಲ್ಲಿ. ಇಂಥ ಪುಸ್ತಿಕೆಗಳ ಗತಿ ಎಲ್ಲರಿಗೂ ಗೊತ್ತು. ಸಂಜೆ ರೇಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಹಾಸಿ ಕೂರಲು ಬರುತ್ತವೆ. ಗದಿಗೆವ್ವ ಮಧ್ಯಾಹ್ನದ ಊಟ ಬಿಟ್ಟು ಅದನ್ನು ಓದಿದಳು. ಮೂವತ್ತೊಂದನೆಯ ಕಲಮಿನಲ್ಲಿ ಅವಳ ಬೆರಳು ನಿಂತಿತು. ನಲವತ್ತು ಪರ್ಸೆಂಟಿಗೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳ, ಆರರಿಂದ ಹದಿನೆಂಟು ವರ್ಷದ ಯಾವುದೇ ಮಗುವಿಗೆ ನೆರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ, ಅದರ ಇಚ್ಛೆಯಂತೆ, ಉಚಿತವಾಗಿ ಕಲಿಯುವ ಹಕ್ಕಿದೆ. ತೊಂಬತ್ತಾದರೂ ಅಷ್ಟೆ, ನೂರಾದರೂ ಅಷ್ಟೆ. ಯಾವ ಶಾಲೆ ಎಂಬುದು ಮಗುವಿನ ಇಚ್ಛೆ, ಮಾಸ್ತರರದಲ್ಲ.

ಅವಳು ಶಂಭುಲಿಂಗನನ್ನು ಮೂಲೆಗೆ ಕರೆದು ಎಲ್ಲವನ್ನೂ ಬಿಚ್ಚಿ ಹೇಳಿದಳು. ಅವನು ಚಹಾದ ಕಪ್ಪು ಕೆಳಗಿಟ್ಟು ಅದೇ ಪುಸ್ತಿಕೆಯ ಕೊನೆಯ ಪುಟಗಳನ್ನು ತೆಗೆದು ತೊಂಬತ್ತೊಂದನೆಯ ಕಲಮು ತೋರಿಸಿದ. ಮೋಸದಿಂದ ಅಂಗವಿಕಲರ ಸೌಲಭ್ಯ ಪಡೆದವರಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ.

"ಅಕ್ಕಾರ, ಮೂವತ್ತೊಂದು ಹಿಡಕೊಂಡು ಸಾಲಿಗೆ ಹಾಕ್ರಿ. ತೊಂಬತ್ತೊಂದರ ತಂಟೆಕ ಹೋಗಬ್ಯಾಡ್ರಿ. ಹುಡುಗೀನೂ ಕುಂದರ್ತಾಳ, ಪಿಂಚಣೀನೂ ಬರ್ತೈತಿ, ನಿಮ್ಮ ಕೆಲಸಾನೂ ಉಳೀತೈತಿ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು."

ಮಾತು ಚೊಕ್ಕವಾಗಿತ್ತು. ಗದಿಗೆವ್ವ ಮರುದಿನವೇ ಪುಸ್ತಿಕೆ ಹಿಡಿದು ಶಾಲೆಗೆ ಹೋದಳು. ಮೂವತ್ತೊಂದನ್ನು ಓದಿ ಹೇಳಿದಳು. ಇಲ್ಲ ಅನ್ನುವುದಾದರೆ ಬರೆದು ಕೊಡ್ರಿ, ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಇಂಥ ಮಕ್ಕಳಿಗಂತಲೇ ನೋಡಲ್ ಅಧಿಕಾರಿ ಇರಬೇಕಂತ ನಿಯಮ ಐತಿ, ಅವರ ಮುಂದೆ ಹೋಗ್ತೀನಿ ಎಂದಳು. ಮಾಸ್ತರು ಎರಡು ಸಲ ಓದಿದರು, ಕನ್ನಡಕ ಒರೆಸಿ ಮೂರನೇ ಸಲ ಓದಿದರು. ಕಾಗದಕ್ಕೆ ಕಾಗದ ಸಿಕ್ಕಿತ್ತು.

"ಆತ್ರಿ, ಕೂಡ್ರಿಸ್ತೀನಿ. ಆದ್ರ ಸರ್ಟಿಫಿಕೇಟಿನಾಗ ಇದ್ದಂಗ ನಡ್ಕೋತೀನಿ. ಬುದ್ಧಿಮಾಂದ್ಯ ಅಂತ ಐತಿ. ಪ್ರಶ್ನಿ ಕೇಳೂದಿಲ್ಲ, ಪರೀಕ್ಷಾ ಬರಸೂದಿಲ್ಲ. ಬಂದು ಸುಮ್ನ ಕುಂತು ಹೋಗ್ಲಿ."

ಬೀರವ್ವನಿಗೆ ಇದು ಪರಮಾನ್ನದಂತಾಯಿತು. "ಅಷ್ಟ ಸಾಕ್ರಿ. ಮಾತಾಡದಂಗ ಕುಂದ್ರಾಕ ಆಕಿಗೆ ಬರ್ತೈತಿ. ರೂಢಿ ಆಗೇತಿ."

ರೂಢಿ ಆಗೇತಿ. ಆ ಮಾತು ಗದಿಗೆವ್ವನಿಗೆ ಮುಳ್ಳಾಯಿತು. ಮನೆಯಲ್ಲಿ ವಾರಕ್ಕೊಂದು ದಿನ ಬಾಯಿ ಮುಚ್ಚಿದರೆ ಆಗುತ್ತಿತ್ತು. ಶಾಲೆಯಲ್ಲಾದರೆ ದಿನಾ ಮುಚ್ಚಬೇಕು, ನಲವತ್ತು ಮಕ್ಕಳ ನಡುವೆ, ಉತ್ತರ ಗೊತ್ತಿದ್ದೂ. ಕಾಯ್ದೆ ಹುಡುಗಿಗೆ ಜಾಗ ಕೊಡಿಸಿತು. ಬಾಯಿ ಕಟ್ಟಿದವಳು ತಾನು, ಬಿಚ್ಚಬೇಕಾದವಳೂ ತಾನೇ. ಮೂವತ್ತೊಂದು ಬೇಕೆಂದರೆ ತೊಂಬತ್ತೊಂದನ್ನೂ ಹೊರಬೇಕು. ಅವಳು ಮನೆಗೆ ಹೋಗಿ ಬಿಳಿ ಹಾಳೆ ತೆಗೆದು, ಮರು ತಪಾಸಣೆಗೆ ಅರ್ಜಿ ಬರೆದಳು. "ಮಗು ಮಾತನಾಡಬಲ್ಲದು, ಓದಬಲ್ಲದು. ಮೊದಲ ತಪಾಸಣೆಯಲ್ಲಿ ಬಾಯಿ ತೆರೆಯಬೇಡವೆಂದು ನಾನೇ ಹೇಳಿಕೊಟ್ಟಿದ್ದೆ. ತಪ್ಪು ನನ್ನದು, ತಾಯಿಯದಲ್ಲ." ಕೆಳಗೆ ಹೆಸರು, ಹುದ್ದೆ, ಪಂಚಾಯ್ತಿ. ಅದರ ಕೆಳಗೆ ಸಹಿ ಮಾಡಿದಳು.

ಬೀರವ್ವನನ್ನು ಒಪ್ಪಿಸಲು ಹದಿನೈದು ದಿನ ಬೇಕಾಯಿತು. ದಿನಾ ಹೋಗುವುದು, ಬೈಸಿಕೊಳ್ಳುವುದು, ಬರುವುದು. ಒಂದು ದಿನ ಬೀರವ್ವ ಬಾಗಿಲು ಹಾಕಿಕೊಂಡಳು. ಗದಿಗೆವ್ವ ಕಟ್ಟೆಯ ಮೇಲೆ ಕೂತು ಬಾಗಿಲಿನ ಜೊತೆಗೇ ಮಾತಾಡಿದಳು. "ನಿನ್ನ ಮಗಳು ಪೇಪರ್ ಓದ್ತಾಳ ಬೀರವ್ವಾ. ನಿನಗ ಬರೂದಿಲ್ಲ, ನಿನ್ನ ಗಂಡಗ ಬರೂದಿಲ್ಲ. ಆಕೀನ ಮೂಕಿ ಮಾಡಿ ನಾವು ಎಷ್ಟ ದಿನ ಉಣ್ಣೂಣು?" ಕೊನೆಗೆ ಬಾಗಿಲು ತೆಗೆದದ್ದು ಚಂದ್ರಪ್ಪ. ಕರಕೊಂಡ ಹೋಗ್ರಿ ಅಕ್ಕಾರ ಎಂದವನೇ ಹಮಾಲಿಗೆ ಹೊರಟುಹೋದ.

ಮಂಡಳಿ ಕೂರುವ ಬುಧವಾರ ಮೂವರೂ ಟಂಟಂ ಹತ್ತಿದರು. ಬೀರವ್ವ ಮುಖ ತಿರುಗಿಸಿಕೊಂಡಿದ್ದಳು. ದಾರಿಯಲ್ಲಿ ಗದಿಗೆವ್ವ ಮೆಲ್ಲಗೆ ಹೇಳಿದಳು. "ಅಂಜಬ್ಯಾಡ. ನಿನ್ನ ಹೆಸರು ಎಲ್ಲೂ ಬರದಿಲ್ಲ. ಜೇಲಿಗೆ ಹಾಕ್ತಾರೋ, ಕೆಲಸದಿಂದ ತಗೀತಾರೋ, ಏನಿದ್ರೂ ನನಗ." ತಾಯಿಯ ತೊಡೆಯ ಮೇಲೆ ಮಲಗಿದ್ದ ಮೀನಾಕ್ಷಿ ನಿದ್ದೆ ಹೋಗಿದ್ದಾಳೆಂದೇ ಇಬ್ಬರೂ ತಿಳಿದಿದ್ದರು.

ಮಂಡಳಿಯಲ್ಲಿ ಈ ಸಲ ಶ್ವೇತಾ ಎಂಬ ಡಾಕ್ಟರಿದ್ದರು. ಅರ್ಜಿ ಓದಿದರು. ತಲೆಯೆತ್ತಿ ಗದಿಗೆವ್ವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ನೀವೇ ಬರೆದದ್ದಾ?"

"ಹೌದ್ರಿ."

ಅವರು ಮೀನಾಕ್ಷಿಯ ಕಡೆ ತಿರುಗಿ, "ಪುಟ್ಟಿ, ನಿನ್ನ ಹೆಸರೇನು?" ಎಂದರು.

ಮೀನಾಕ್ಷಿ ಸುಮ್ಮನೆ ಕೂತಳು. ಡಾಕ್ಟರು ಮತ್ತೆ ಕೇಳಿದರು. ಚಿತ್ರದ ಹಾಳೆ ತೋರಿಸಿದರು, ದೊಡ್ಡ ಅಕ್ಷರದ ಪುಸ್ತಕ ಮುಂದಿಟ್ಟರು. ಹುಡುಗಿ ತುಟಿ ಬಿಗಿಹಿಡಿದು, ಮೂರು ವರ್ಷದ ಹಿಂದೆ ಕೂತ ಹಾಗೆಯೇ ಕೂತಳು. ಬೀರವ್ವ ಬಾಗಿಲ ಬಳಿ ನಿಂತಿದ್ದಳು. ಡಾಕ್ಟರು ಗಡಿಯಾರ ನೋಡಿದರು. ಹೊರಗೆ ನಲವತ್ತು ಜನ ಸರದಿಯಲ್ಲಿದ್ದರು.

ಗದಿಗೆವ್ವ ಲೆಕ್ಕ ಹಾಕಿದಳು. ಈಗ ಹಿಂದಿರುಗಿದರೆ ತೊಂಬತ್ತು ತೊಂಬತ್ತಾಗಿಯೇ ಉಳಿಯುತ್ತದೆ, ಸುಳ್ಳು ಹೇಳಿದವಳು ಎಂದು ತನ್ನ ಅರ್ಜಿಯೂ ಕಸದ ಬುಟ್ಟಿಗೆ ಹೋಗುತ್ತದೆ, ಕೆಲಸವೂ ಉಳಿಯುತ್ತದೆ. ಒಂದು ಗಳಿಗೆ, ನಿಜ ಹೇಳಬೇಕೆಂದರೆ, ಅವಳ ಮನಸ್ಸು ಆ ಕಡೆ ವಾಲಿತು. ಆಗ ಅವಳು ಹುಡುಗಿಯ ಕಣ್ಣು ನೋಡಿದಳು. ಹುಡುಗಿ ಡಾಕ್ಟರನ್ನು ನೋಡುತ್ತಿರಲಿಲ್ಲ, ಪುಸ್ತಕವನ್ನೂ ನೋಡುತ್ತಿರಲಿಲ್ಲ. ಗದಿಗೆವ್ವನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿಕೊಂಡು. ಟಂಟಂನಲ್ಲಿ ಅವಳಿಗೆ ನಿದ್ದೆ ಬಂದಿರಲಿಲ್ಲ.

ಗದಿಗೆವ್ವ ಕೋಲನ್ನು ಗೋಡೆಗೊರಗಿಸಿ, ಹುಡುಗಿಯ ಕುರ್ಚಿಯ ತೋಳು ಹಿಡಿದು ನೆಲಕ್ಕೆ ಕೂತಳು. ಆ ಕಾಲಿನಿಂದ ನೆಲಕ್ಕೆ ಕೂರುವುದು ಅವಳಿಗೆ ಸುಲಭವಲ್ಲ, ಏಳುವುದಂತೂ ಇನ್ನೂ ಕಷ್ಟ.

"ಮೀನಾ, ಅವತ್ತು ನಾ ಹೇಳಿದ್ದು ತಪ್ಪು. ನಿನ್ನ ಬಾಯಿ ಕಟ್ಟಾಕ ನಾ ಯಾರು? ನನಗ ಏನಾದ್ರೂ ಆಗ್ಲಿ, ನಾ ದೊಡ್ಡಾಕಿ ಅದೇನಿ, ತಡಕೋತೀನಿ. ನೀ ಇವತ್ತ ಸುಮ್ನ ಕುಂತಿ ಅಂದ್ರ ಮಾತ್ರ ನಂಗ ತಡಕೊಳ್ಳಾಕ ಆಗೂದಿಲ್ಲ."

ಹುಡುಗಿಯ ಗದ್ದ ನಡುಗಿತು. ಕುತ್ತಿಗೆಯ ನರ ಉಬ್ಬಿತು. ಮಾತು ಹೊರಬರಲು ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಅವಳು ಡಾಕ್ಟರ ಕಡೆ ತಿರುಗಿದಳು.

"ಅತ್ತೀನ... ಜೇಲಿಗೆ... ಹಾಕಬ್ಯಾಡ್ರಿ."

ಗದಿಗೆವ್ವನನ್ನು ಬಿಟ್ಟರೆ, ಸರಕಾರದವರ ಮುಂದೆ ಮೀನಾಕ್ಷಿ ಆಡಿದ ಮೊದಲ ಮಾತು ಇದು. ಶ್ವೇತಾ ಡಾಕ್ಟರು ಪೆನ್ನು ಎತ್ತಿಕೊಂಡು ಅದನ್ನು ಅವಳು ಹೇಳಿದ ಹಾಗೆಯೇ ಬರೆದುಕೊಂಡರು. ಆಮೇಲೆ ಪುಸ್ತಕವನ್ನು ಹತ್ತಿರಕ್ಕೆ ಸರಿಸಿ, "ಇದನ್ನ ಓದ್ತೀಯಾ?" ಎಂದರು. ಅವಳು ಓದಿದಳು. ತಪಾಸಣೆ ಒಂದು ತಾಸಿನ ಮೇಲೆ ನಡೆಯಿತು. ಹೊರಗಿನ ನಲವತ್ತು ಜನ ಗೊಣಗುತ್ತ ಕಾದರು. ಗದಿಗೆವ್ವನನ್ನು ನೆಲದಿಂದ ಎಬ್ಬಿಸಿದ್ದು ಬೀರವ್ವ; ಕಂಕುಳಿಗೆ ಕೈಹಾಕಿ ಎಬ್ಬಿಸಿ, ಗೋಡೆಗೊರಗಿಸಿದ್ದ ಕೋಲನ್ನು ಕೈಗೆ ಕೊಟ್ಟಳು.

ಹೊಸ ಸರ್ಟಿಫಿಕೇಟಿನಲ್ಲಿ ಅರವತ್ತೆರಡು ಬಂತು. ಬುದ್ಧಿಮಾಂದ್ಯದ ಮಾತೇ ಇರಲಿಲ್ಲ. ಪಿಂಚಣಿ ಇಳಿಯಿತು. ಬೀರವ್ವ ಎರಡು ತಿಂಗಳು ಗದಿಗೆವ್ವನ ಜೊತೆ ಮಾತು ಬಿಟ್ಟಿದ್ದಳು. ಗದಿಗೆವ್ವನಿಗೆ ಇಲಾಖೆಯಿಂದ ನೋಟಿಸು ಬಂತು. ಆರೋಪ ಖರೇ ಇದೆ, ನಾನೇ ಮಾಡಿದ್ದು ಎಂದು ಒಂದೇ ಸಾಲಿನ ಉತ್ತರ ಬರೆದಳು. ಮೂರು ತಿಂಗಳ ಗೌರವಧನ ನಿಂತಿತು, ಇನ್ನೊಮ್ಮೆ ಹೀಗಾದರೆ ಕೆಲಸದಿಂದ ತೆಗೆಯುವುದಾಗಿ ಎಚ್ಚರಿಕೆಯ ಪತ್ರ ಬಂತು. ಅದನ್ನು ಮಡಚಿ ಸ್ಕೂಟರಿನ ಡಬ್ಬಿಯಲ್ಲಿಟ್ಟುಕೊಂಡು ಅವಳು ಮೊದಲಿನಂತೆಯೇ ಓಣಿ ಓಣಿ ತಿರುಗುತ್ತಾಳೆ. ಶಂಭುಲಿಂಗ ಸಿಕ್ಕಾಗಲೆಲ್ಲ, ಹೇಳಿದ್ನಿಲ್ರಿ ಅಕ್ಕಾರ ಎನ್ನುತ್ತಾನೆ. ಹೌದಪ್ಪ, ಹೇಳಿದ್ದಿ ಎಂದು ಅವಳು ಮುಂದೆ ಹೋಗುತ್ತಾಳೆ.

ಮೀನಾಕ್ಷಿ ಈಗ ನಾಲ್ಕನೇ ವರ್ಗದ ಮೊದಲ ಸಾಲಿನಲ್ಲಿ, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಾಳೆ. ಬೆಳಗಿನ ಹಾಜರಿಯಲ್ಲಿ ಅವಳ ಹೆಸರು ಇಪ್ಪತ್ತಾರನೆಯದು. ಹೆಸರು ಕೂಗಿದ ಮೇಲೆ ಅವಳು ಹಾಜರ್ ಸರ್ ಎಂದು ಪೂರ್ತಿ ಹೇಳಲು ಹತ್ತು ಹನ್ನೆರಡು ಸೆಕೆಂಡು ಬೇಕು. ಹುಡುಗಿ ಎದುರಿಗೇ ಕಾಣುತ್ತಾಳೆ, ಗುರುತು ಹಾಕಿಕೊಂಡು ಮುಂದೆ ಹೋದರೂ ನಡೆಯುತ್ತದೆ. ಪ್ರಭುಲಿಂಗಪ್ಪ ಮಾಸ್ತರು ಹಾಗೆ ಮಾಡುವುದಿಲ್ಲ. ಪೆನ್ನನ್ನು ಅವಳ ಹೆಸರಿನ ಮುಂದೆ ಹಿಡಿದುಕೊಂಡು, ಅವಳು ಹೇಳಿ ಮುಗಿಸುವವರೆಗೆ ಕಾಯುತ್ತಾರೆ.